ನಿಮಗಿದು ಗೊತ್ತೆ? ಥೇಮ್ಸ್ ನದಿಯಿಂದ ಎದ್ದ ಡಾಲೆಕ್

‘ಡಾಕ್ಟರ್ ಹೂ’ ಟಿವಿ ಸರಣಿಯಲ್ಲಿ 1964ರ ನವೆಂಬರ್ 21ರಂದು ಬಿಬಿಸಿಯಲ್ಲಿ ಶುರುವಾದ ‘ದಿ ಡಾಲೆಕ್ ಇನ್ವೇಷನ್ ಆಫ್ ಅರ್ಥ್’ ಆರು ಕಂತುಗಳ ಕಥೆ. ಮೊದಲ ಕಂತಿನ ಕೊನೆಗೆ ಥೇಮ್ಸ್ ನದಿಯ ನೀರು ಸೀಳಿಕೊಂಡು ಡಾಲೆಕ್ ಎಂಬ ಅನ್ಯಗ್ರಹ ಜೀವಿಯೊಂದು ಮೇಲೇಳುತ್ತದೆ. ಇದು ಅನ್ಯಗ್ರಹದವರ ದಾಳಿಯ ಕಥೆ ಎಂದೇ ಹೆಸರಾಗಿದ್ದರೂ ಇದರ ನಿಜವಾದ ವಸ್ತು ನಾಜಿಗಳು ಗೆದ್ದ ನಾಡನ್ನು ಆಳಿದ ಬಗೆ. ಕಥೆ ತೆರೆದುಕೊಳ್ಳುವಾಗ ಡಾಲೆಕ್‌ಗಳೊಂದಿಗಿನ ಯುದ್ಧ ಮುಗಿದು, ಲಂಡನ್ ಆಗಲೇ ಸೋತಿದೆ. ಸೆರೆಸಿಕ್ಕವರನ್ನು ಬೆಡ್‌ಫರ್ಡ್‌ಶೈರ್‌ನ ಗಣಿಯಲ್ಲಿ ದುಡಿಸಲಾಗುತ್ತಿದೆ. ಕೆಲವರ ತಲೆಗೆ ಯಂತ್ರ ತೊಡಿಸಿ ಅವರನ್ನೇ ಕಾವಲಿಗೆ ನಿಲ್ಲಿಸಲಾಗಿದೆ. ಕಾಡಿನ ಗುಡಿಸಲಲ್ಲಿ ಬಟ್ಟೆ ಹೊಲಿಯುವ ಇಬ್ಬರು ಹೆಂಗಸರು ಆಶ್ರಯ ಬೇಡಿ ಬಂದವರನ್ನು ಆಹಾರದ ಆಸೆಗೆ ಹಿಡಿದುಕೊಡುತ್ತಾರೆ. ಇಡೀ ಕಥೆಯಲ್ಲಿ ಅತ್ಯಂತ ಭಯಾನಕವಾದದ್ದು ಇದೇ, ಏಕೆಂದರೆ ಇಲ್ಲಿ ದ್ರೋಹ ಬಗೆಯುವವರು ಹಸಿದ ಮನುಷ್ಯರು.

ಭೂಮಿಯ ಗರ್ಭ ತೆಗೆದು, ಯಂತ್ರ ಕೂರಿಸಿ, ಗ್ರಹವನ್ನೇ ಹಡಗಿನಂತೆ ನಡೆಸುವ ಡಾಲೆಕ್‌ಗಳ ಯೋಜನೆ ಶುದ್ಧ ಮಕ್ಕಳ ಕಲ್ಪನೆಯಲ್ಲವೇ ಎಂದು ಕೇಳಬಹುದು. ಯೋಜನೆ ಕಲ್ಪನೆಯೇ ಸರಿ, ಆದರೆ ಬಿಟ್ಟಿ ದುಡಿಮೆ, ಹಿಡಿದುಕೊಡುವವರು, ಅಡಗಿ ಹೋರಾಡುವವರು ಇವೆಲ್ಲ ಎರಡನೇ ಮಹಾಯುದ್ಧ ಕಾಲದ ಯುರೋಪಿನಲ್ಲಿ ನಿಜವಾಗಿ ಇದ್ದವು. ಕಥೆ ಬರೆದ ಟೆರ್ರಿ ನೇಷನ್ 1930ರಲ್ಲಿ ಕಾರ್ಡಿಫ್‌ನಲ್ಲಿ ಹುಟ್ಟಿ, ಬಾಂಬ್ ದಾಳಿಯ ದಿನಗಳಲ್ಲೇ ಬೆಳೆದವರು. ಡಾಲೆಕ್‌ಗಳಿಗೆ ನಾಜಿಗಳೇ ಮಾದರಿ ಎಂದು ಅವರೇ ಹೇಳಿದ್ದರು.