ಊರಿನ ಶಾಲೆ, ದೂರದ ತಿಜೋರಿ: ಪುತ್ತೂರು, ಸುಳ್ಯ, ಕಡಬಗಳಲ್ಲಿ ಸರಕಾರಿ ಶಾಲೆಗಳ ಆಡಳಿತ

ಮೇ ತಿಂಗಳ ಕೊನೆಯ ವಾರ ಪುತ್ತೂರು, ಸುಳ್ಯ, ಕಡಬ ಪೇಟೆಗಳ ವರ್ತಕರಿಗೆ ಕೊಡೆ, ಚೀಲ, ನೋಟುಪುಸ್ತಕಗಳ ವ್ಯಾಪಾರದ ಕಾಲ. ಅದೇ ವಾರದಲ್ಲಿ ಹಳ್ಳಿಗಳ ಸರಕಾರಿ ಶಾಲೆಯ ಮುಖ್ಯೋಪಾಧ್ಯಾಯರು ಹೊಸ ಮಕ್ಕಳನ್ನು ಅರಸಿ ಮನೆಮನೆಗೆ ನಡೆಯುತ್ತಿರುತ್ತಾರೆ. ಶಾಲಾ ವಾರ್ಷಿಕೋತ್ಸವ ಸಮೀಪಿಸಿದಾಗ ಊರಿನ ಹಿರಿಯರೊಂದಿಗೆ ಅಂಗಡಿಯ ಮೆಟ್ಟಿಲನ್ನೂ ಏರುತ್ತಾರೆ. ಕೈಯಲ್ಲಿ ದೇಣಿಗೆಯ ರಶೀದಿ ಪುಸ್ತಕವಿರುತ್ತದೆ. ವರ್ತಕರು ತಮ್ಮ ಶಕ್ತಿಯಿದ್ದಷ್ಟು ಕೊಟ್ಟು ಕಳುಹಿಸುತ್ತಾರೆ. ಆದರೆ ಆ ಶಾಲೆಯನ್ನು ನಡೆಸುವವರು ಯಾರು, ಅದರ ಖರ್ಚು ಯಾವ ಖಾತೆಯಿಂದ ಹೋಗುತ್ತದೆ, ಯಾವ ತೀರ್ಮಾನ ಎಲ್ಲಿ ಆಗುತ್ತದೆ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ವ್ಯವಹಾರದಲ್ಲಿ ಪ್ರತಿ ರೂಪಾಯಿಯ ಲೆಕ್ಕ ಇಡುವ ವಾಣಿಜ್ಯೋದ್ಯಮಿಗಳು ಶಾಲೆಯ ಲೆಕ್ಕವನ್ನೂ ಒಮ್ಮೆ ಓದಿ ನೋಡುವುದು ಉಚಿತ.

ಬೋರ್ಡು ಶಾಲೆಗಳ ಕಾಲ

ಹಿರಿಯರ ಬಾಯಲ್ಲಿ ಇಂದಿಗೂ 'ಬೋರ್ಡು ಶಾಲೆ' ಎಂಬ ಮಾತು ಉಳಿದಿದೆ. ದಕ್ಷಿಣ ಕನ್ನಡವು ಮದ್ರಾಸು ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ, 1884ರ ಸ್ಥಳೀಯ ಮಂಡಳಿಗಳ ಕಾಯಿದೆಯಂತೆ ರಚಿತವಾದ ಜಿಲ್ಲಾ ಮತ್ತು ತಾಲೂಕು ಬೋರ್ಡುಗಳು ರಸ್ತೆ, ಆಸ್ಪತ್ರೆಗಳ ಜತೆಗೆ ಶಾಲೆಗಳನ್ನೂ ನಡೆಸುತ್ತಿದ್ದವು. 1920ರ ಮದ್ರಾಸು ಪ್ರಾಥಮಿಕ ಶಿಕ್ಷಣ ಕಾಯಿದೆಯು ಶಾಲೆಗಳಿಗಾಗಿ ಸ್ಥಳೀಯವಾಗಿ ಶಿಕ್ಷಣ ತೆರಿಗೆ ವಿಧಿಸುವುದಕ್ಕೂ ಅವಕಾಶ ನೀಡಿತು. ಸಹಕಾರಿ ಚಳವಳಿಯ ಹಿರಿಯರಾದ ಮೊಳಹಳ್ಳಿ ಶಿವರಾಯರು ಪುತ್ತೂರಿನಲ್ಲಿ ಸಹಕಾರಿ ಸಂಘಗಳ ಜತೆಗೆ ಶಾಲೆಗಳಿಗಾಗಿಯೂ ದುಡಿದುದು ಆ ಕಾಲದಲ್ಲಿಯೇ.

ಅಮೆರಿಕದ ಸಣ್ಣ ಪಟ್ಟಣಗಳಲ್ಲಿ ಇಂದಿಗೂ ಇಂಥ ಏರ್ಪಾಡು ಇದೆ. ಅಲ್ಲಿ ಬಹುತೇಕ ಕಡೆ ಜನರು ಆರಿಸಿದ ಶಾಲಾ ಮಂಡಳಿ ಊರಿನ ಆಸ್ತಿ ತೆರಿಗೆಯ ಪಾಲಿನಿಂದ ಶಾಲೆ ನಡೆಸುತ್ತದೆ, ಶಿಕ್ಷಕರನ್ನು ನೇಮಿಸುತ್ತದೆ. ನಮ್ಮಲ್ಲಿ ತಾಲೂಕು ಬೋರ್ಡುಗಳು 1934ರಲ್ಲಿ ರದ್ದಾದವು. 1956ರ ರಾಜ್ಯ ಪುನರ್ವಿಂಗಡಣೆಯ ನಂತರ ಶಾಲೆಗಳು ಕ್ರಮೇಣ ಸರಕಾರದ ಶಿಕ್ಷಣ ಇಲಾಖೆಯ ಆಡಳಿತಕ್ಕೆ ಬಂದವು. ಇದರಿಂದ ಬಡ ಗ್ರಾಮಕ್ಕೂ ಶಿಕ್ಷಕರ ಸಂಬಳದ ಭದ್ರತೆ ದೊರೆಯಿತು. ಆದರೆ ಶಾಲೆಯ ಬೀಗದ ಕೈ ಊರಿನಿಂದ ದೂರ ಸರಿಯಿತು.

ಯಾರ ಕೈಯಲ್ಲಿ ಏನಿದೆ?

ಮಂಗಳೂರಿನಲ್ಲಿರುವ ಸಾರ್ವಜನಿಕ ಶಿಕ್ಷಣ ಇಲಾಖೆಯ ಉಪನಿರ್ದೇಶಕರು ಜಿಲ್ಲೆಯ ಶಾಲೆಗಳ ಮುಖ್ಯಾಧಿಕಾರಿ. ಅವರ ಕೆಳಗೆ ಪುತ್ತೂರು ಮತ್ತು ಸುಳ್ಯ ವಲಯಗಳಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗಳಿವೆ. ಒಂದಷ್ಟು ಶಾಲೆಗಳನ್ನು ಒಗ್ಗೂಡಿಸಿದ ಕ್ಲಸ್ಟರಿಗೆ ಒಬ್ಬ ಸಂಪನ್ಮೂಲ ವ್ಯಕ್ತಿ ಇರುತ್ತಾರೆ. ಪುತ್ತೂರು ಮತ್ತು ಸುಳ್ಯ ತಾಲೂಕುಗಳ ಗ್ರಾಮಗಳನ್ನು ಸೇರಿಸಿ 2018ರಲ್ಲಿ ಕಡಬ ತಾಲೂಕು ಅಸ್ತಿತ್ವಕ್ಕೆ ಬಂದಾಗ ತಹಶೀಲ್ದಾರರ ಕಚೇರಿ ಬಂದಿತು. ಶಿಕ್ಷಣ ವಲಯದ ಗಡಿ ಮಾತ್ರ ಅದರೊಡನೆ ಬದಲಾಗಲಿಲ್ಲ. ಸುಬ್ರಹ್ಮಣ್ಯದಂಥ ಊರು ಕಂದಾಯದ ಲೆಕ್ಕದಲ್ಲಿ ಸುಳ್ಯದಿಂದ ಕಡಬಕ್ಕೆ ಹೋಯಿತು.

ಶಿಕ್ಷಕರ ನೇಮಕಾತಿ ಮತ್ತು ವರ್ಗಾವಣೆ ರಾಜ್ಯ ಸರಕಾರದ ನಿಯಮಗಳಂತೆ ನಡೆಯುತ್ತವೆ. ಪ್ರಾಥಮಿಕ ಶಿಕ್ಷಕರ ಸಂಬಳದ ಹಣ ಪಂಚಾಯತ್ ರಾಜ್ ಸಂಸ್ಥೆಗಳ ಆಯವ್ಯಯದ ಮೂಲಕ ಹರಿದು ಬರುತ್ತದೆಯಾದರೂ ಅದು ದಾರಿಯಲ್ಲಿ ಹಾದುಹೋಗುವ ಹಣವಷ್ಟೇ, ಪಂಚಾಯತಿನ ಸ್ವಂತ ತೀರ್ಮಾನಕ್ಕೆ ಒಳಪಟ್ಟ ಹಣವಲ್ಲ. ಮೇಲಾಗಿ 2016ರಲ್ಲಿ ಚುನಾಯಿತರಾದ ಜಿಲ್ಲಾ ಮತ್ತು ತಾಲೂಕು ಪಂಚಾಯತ್ ಸದಸ್ಯರ ಅವಧಿ 2021ರಲ್ಲಿ ಮುಗಿದ ಬಳಿಕ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಶಾಲೆಯ ಸೋರುವ ಮಾಡಿನ ಬಗ್ಗೆ ಸಭೆಯಲ್ಲಿ ಎದ್ದು ಕೇಳುವ ಪ್ರತಿನಿಧಿಯೇ ಆ ಹಂತಗಳಲ್ಲಿ ಇಲ್ಲವಾಯಿತು.

ಹೀಗಿರುವಾಗ ಊರಿನವರಿಗೆ ಉಳಿದಿರುವ ಮುಖ್ಯ ಪೀಠವೆಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಕರ್ನಾಟಕದಲ್ಲಿ 2001ರ ಸರಕಾರಿ ಆದೇಶದಿಂದ ಈ ಸಮಿತಿಗಳು ಆರಂಭವಾದವು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕೆಂದೂ ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕೆಂದೂ ವಿಧಿಸಿತು. ಶಾಲೆಯ ಕೆಲಸಕಾರ್ಯಗಳ ಮೇಲ್ವಿಚಾರಣೆ, ಅಭಿವೃದ್ಧಿ ಯೋಜನೆಯ ತಯಾರಿ, ಅನುದಾನದ ಬಳಕೆಯ ಪರಿಶೀಲನೆ ಇದರ ಕೆಲಸ. ಪೋಷಕರಲ್ಲೊಬ್ಬರು ಅಧ್ಯಕ್ಷರು, ಮುಖ್ಯೋಪಾಧ್ಯಾಯರು ಕಾರ್ಯದರ್ಶಿ. ಆದರೆ ಶಿಕ್ಷಕರನ್ನು ನೇಮಿಸುವ ಅಧಿಕಾರವಾಗಲಿ ತೆರಿಗೆ ಎತ್ತುವ ಅಧಿಕಾರವಾಗಲಿ ಈ ಸಮಿತಿಗೆ ಇಲ್ಲ.

ಒಂದು ಮಗುವಿನ ಬೆಲೆ

ಶಾಲೆಯ ಎಲ್ಲ ಲೆಕ್ಕವೂ ನಿಂತಿರುವುದು ಹಾಜರಿ ಪುಸ್ತಕದ ಸಂಖ್ಯೆಯ ಮೇಲೆ. ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯ ಮಾನದಂಡದಂತೆ 30 ಮಕ್ಕಳವರೆಗಿನ ಶಾಲೆಗೆ ವಾರ್ಷಿಕ ಶಾಲಾ ಅನುದಾನ 10,000 ರೂಪಾಯಿ. 30ನ್ನು ದಾಟಿ 100ರವರೆಗೆ 25,000, 250ರವರೆಗೆ 50,000, 1,000ದವರೆಗೆ 75,000. ಬಲ್ಬು, ಸೀಮೆಸುಣ್ಣ, ಸಣ್ಣ ದುರಸ್ತಿ ಎಲ್ಲವೂ ಇದರಲ್ಲಿಯೇ ಆಗಬೇಕು. ಇದರ ಹತ್ತರಲ್ಲೊಂದು ಪಾಲು ಸ್ವಚ್ಛತೆಗೆ ಮೀಸಲು. ಅಂದರೆ 31 ಮಕ್ಕಳ ಶಾಲೆಯಿಂದ ಒಂದು ಮಗು ಬೇರೆಡೆಗೆ ಹೋದರೆ ಅನುದಾನದಲ್ಲಿ 15,000 ರೂಪಾಯಿ ಖೋತಾ.

ಶಿಕ್ಷಕರ ಸಂಖ್ಯೆಯೂ ಹೀಗೆಯೇ. ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಂತೆ ಒಂದರಿಂದ ಐದನೆಯ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು. ಇಬ್ಬರು ಶಿಕ್ಷಕರು ಐದು ತರಗತಿಗಳನ್ನು ನೋಡಿಕೊಳ್ಳಬೇಕು. ಅವರಲ್ಲೊಬ್ಬರು ಮುಖ್ಯೋಪಾಧ್ಯಾಯರಾಗಿ ಬಿಸಿಯೂಟದ ಲೆಕ್ಕ, ಇಲಾಖೆಯ ಮಾಹಿತಿ, ತರಬೇತಿ ಎಂದು ಓಡಾಡಬೇಕು. ಪಾಠ ಸೊರಗಿದರೆ ಪೋಷಕರು ಮಕ್ಕಳನ್ನು ಪೇಟೆಯ ಖಾಸಗಿ ಶಾಲೆಯ ವಾಹನಕ್ಕೆ ಹತ್ತಿಸುತ್ತಾರೆ. ಮಕ್ಕಳು ಕಡಿಮೆಯಾದರೆ ಶಿಕ್ಷಕರನ್ನು 'ಹೆಚ್ಚುವರಿ' ಎಂದು ಬೇರೆಡೆಗೆ ಕಳುಹಿಸಲಾಗುತ್ತದೆ. ಗಿರಾಕಿ ಕಡಿಮೆಯಾದ ಅಂಗಡಿಯಲ್ಲಿ ಸರಕು ಕಡಿಮೆಯಾಗಿ, ಸರಕಿಲ್ಲವೆಂದು ಗಿರಾಕಿ ಇನ್ನೂ ಕಡಿಮೆಯಾಗುವುದನ್ನು ಕಂಡ ವರ್ತಕರಿಗೆ ಈ ಸುಳಿಯನ್ನು ವಿವರಿಸಬೇಕಾಗಿಲ್ಲ.

ಸರಕಾರ ಇದಕ್ಕೆ ಕೆಲವು ಉತ್ತರಗಳನ್ನು ಹುಡುಕಿದೆ. ಪೂರ್ವ ಪ್ರಾಥಮಿಕದಿಂದ ಪದವಿಪೂರ್ವದವರೆಗೆ ಒಂದೇ ಆವರಣದಲ್ಲಿ ನಡೆಯುವ ಕರ್ನಾಟಕ ಪಬ್ಲಿಕ್ ಶಾಲೆಗಳು ಪುತ್ತೂರು ತಾಲೂಕಿನ ಕುಂಬ್ರದಲ್ಲಿಯೂ ಸುಳ್ಯ ತಾಲೂಕಿನ ಬೆಳ್ಳಾರೆ ಮತ್ತು ಗಾಂಧಿನಗರಗಳಲ್ಲಿಯೂ ರೂಪುಗೊಂಡವು. 2019-20ರಿಂದ ರಾಜ್ಯದ ಸಾವಿರ ಸರಕಾರಿ ಶಾಲೆಗಳಲ್ಲಿ ಆಂಗ್ಲ ಮಾಧ್ಯಮ ವಿಭಾಗ ತೆರೆಯಲಾಯಿತು. ಆದರೆ ದೊಡ್ಡ ಶಾಲೆ ಬೆಳೆದಂತೆ ಅದರ ಸುತ್ತಣ ಸಣ್ಣ ಶಾಲೆಯ ಗತಿಯೇನು ಎಂಬ ಪ್ರಶ್ನೆ ಉಳಿಯುತ್ತದೆ. ಗುಡ್ಡ, ಹೊಳೆ, ರಬ್ಬರ್ ತೋಟಗಳ ನಡುವೆ ಚದುರಿದ ಮನೆಗಳ ಈ ಸೀಮೆಯಲ್ಲಿ ಮಳೆಗಾಲದ ಎರಡು ಮೈಲು ಹಾದಿ ಆರು ವರ್ಷದ ಮಗುವಿಗೆ ಸಣ್ಣದಲ್ಲ. ತುಳು, ಅರೆಭಾಷೆ, ಮಲಯಾಳ, ತೋಟಗಳ ತಮಿಳು ಎಂದು ಬೇರೆಬೇರೆ ಮನೆಮಾತಿನ ಮಕ್ಕಳು ಕನ್ನಡದ ಅಕ್ಷರಕ್ಕೆ ಒಟ್ಟಾಗಿ ಕೂರುವುದೂ ಈ ಸಣ್ಣ ಶಾಲೆಗಳಲ್ಲಿಯೇ.

ವರ್ತಕರ ಪಾಲು ಎಲ್ಲಿದೆ?

ವರ್ತಕರು ಶಿಕ್ಷಣಕ್ಕೆ ಈಗಾಗಲೇ ಕೊಡುತ್ತಿದ್ದಾರೆ. ಆದಾಯ ತೆರಿಗೆಯ ಮೇಲೆ 2004ರಲ್ಲಿ ಶೇಕಡಾ 2ರಷ್ಟು ಶಿಕ್ಷಣ ಉಪಕರ ಆರಂಭವಾಯಿತು. 2007ರಲ್ಲಿ ಇನ್ನೊಂದು ಸೇರಿತು. 2018ರಿಂದ ಅದು ಶೇಕಡಾ 4ರ ಆರೋಗ್ಯ ಮತ್ತು ಶಿಕ್ಷಣ ಉಪಕರವಾಯಿತು. ಆ ಹಣ ದೆಹಲಿಗೆ ಹೋಗಿ ಯೋಜನೆಗಳ ರೂಪದಲ್ಲಿ ಹಿಂದಿರುಗುತ್ತದೆ. 2013ರ ಕಂಪೆನಿ ಕಾಯಿದೆಯ ಸಾಮಾಜಿಕ ಹೊಣೆಗಾರಿಕೆಯ ನಿಯಮ ಅನ್ವಯಿಸುವುದು 500 ಕೋಟಿ ನಿವ್ವಳ ಸಂಪತ್ತು, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭವುಳ್ಳ ಕಂಪೆನಿಗಳಿಗೆ. ಹಂಚಿನ ಕಾರ್ಖಾನೆ, ಅಡಿಕೆ ಮಂಡಿ, ವರ್ಕ್‌ಶಾಪುಗಳ ಬಹುಪಾಲು ಅದರ ಹೊರಗಿವೆ. ಹೀಗಾಗಿ ಸಣ್ಣ ಉದ್ಯಮಿಯ ನೆರವು ಪೂರ್ತಿಯಾಗಿ ಸ್ವಇಚ್ಛೆಯದು.

ಸ್ವಇಚ್ಛೆಯ ಕೊಡುಗೆ ಏನು ಮಾಡಬಲ್ಲದೆಂಬುದಕ್ಕೆ ಜಿಲ್ಲೆಯಲ್ಲಿಯೇ ನಿದರ್ಶನಗಳಿವೆ. ಮಂಗಳೂರಿನಲ್ಲಿ ಕಿತ್ತಳೆ ಹಣ್ಣು ಮಾರುತ್ತಿದ್ದ ಹರೇಕಳ ಹಾಜಬ್ಬನವರು ತಮ್ಮ ಊರು ನ್ಯೂಪಡ್ಪುವಿನಲ್ಲಿ ಶಾಲೆಗಾಗಿ ಕಚೇರಿಯಿಂದ ಕಚೇರಿಗೆ ಅಲೆದರು. ಅವರಿಗೆ 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಅವರು ಕಟ್ಟಿದ್ದು ಖಾಸಗಿ ಸಂಸ್ಥೆಯನ್ನಲ್ಲ, ಸರಕಾರಿ ಶಾಲೆಯನ್ನು. ಸುಳ್ಯದಲ್ಲಿ ಸಣ್ಣ ತಯಾರಿಕಾ ಘಟಕ ನಡೆಸಿದ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದರು. ಅಂಥ ಸೇತುವೆಗಳಿಂದ ಮಳೆಗಾಲದಲ್ಲಿಯೂ ಮಕ್ಕಳು ಶಾಲೆ ಸೇರುವಂತಾಯಿತು. ಅವರಿಗೆ 2017ರಲ್ಲಿ ಪದ್ಮಶ್ರೀ ಸಂದಿತು.

ಕೊಡುವ ಕ್ರಮ

ಕೊಡುಗೆ ನೀಡುವ ಮೊದಲು ಸಮಿತಿಯು ತಯಾರಿಸಿದ ಶಾಲಾಭಿವೃದ್ಧಿ ಯೋಜನೆಯನ್ನು ಕೇಳಿ ಓದಬೇಕು. ಹಣವನ್ನು ಸಮಿತಿಯ ನಿರ್ಣಯದ ಆಧಾರದಲ್ಲಿ ಚೆಕ್ ಮೂಲಕ ಸಮಿತಿಯ ಖಾತೆಗೆ ನೀಡಿ ರಶೀದಿ ಪಡೆಯಬೇಕು. ಪೀಠೋಪಕರಣ, ಗಣಕಯಂತ್ರ ಕೊಟ್ಟಲ್ಲಿ ಅವು ಶಾಲೆಯ ದಾಸ್ತಾನು ಪುಸ್ತಕದಲ್ಲಿ ದಾಖಲಾಗಿವೆಯೇ ಎಂದು ನೋಡಬೇಕು. ಇದು ಅಪನಂಬಿಕೆಯ ಮಾತಲ್ಲ. ಮುಖ್ಯೋಪಾಧ್ಯಾಯರು ವರ್ಗವಾಗಿ ಹೋದ ಮೇಲೂ ಕೊಡುಗೆ ಶಾಲೆಯಲ್ಲಿ ಉಳಿಯುವ ಉಪಾಯ.

ಎಲ್ಲಕ್ಕಿಂತ ಮುಖ್ಯವಾದುದು ಕೊಡುಗೆಯ ಸ್ವರೂಪ. ಶಾಲೆಯ ಸ್ವಾಗತ ದ್ವಾರದಲ್ಲಿ ದಾನಿಯ ಹೆಸರು ಕೆತ್ತಿಸುವುದು ಸುಲಭ. ಆದರೆ ದ್ವಾರ ನೋಡಿ ಮಗುವನ್ನು ಸೇರಿಸುವ ತಾಯಿಯಿಲ್ಲ. ಶಿಕ್ಷಕರ ಕೊರತೆಯಿರುವ ಶಾಲೆಗಳಲ್ಲಿ ಸಮಿತಿಗಳು ಊರಿನ ದೇಣಿಗೆಯಿಂದ ಗೌರವ ಶಿಕ್ಷಕರನ್ನು ಇಟ್ಟುಕೊಂಡು ತರಗತಿ ನಡೆಸುವುದುಂಟು. ಆ ಗೌರವಧನ ಒಂದು ವರ್ಷ ಬಂದು ಮರುವರ್ಷ ನಿಂತರೆ ಪೋಷಕರ ವಿಶ್ವಾಸ ಕುಸಿಯುತ್ತದೆ. ಹತ್ತು ಅಂಗಡಿಗಳು ಕೂಡಿ ಐದು ವರ್ಷಗಳ ಮಟ್ಟಿಗೆ ತಿಂಗಳಿಗಿಷ್ಟು ಎಂದು ಒಪ್ಪಿಕೊಂಡರೆ, ಒಬ್ಬರೇ ಒಮ್ಮೆ ಕೊಡುವ ದೊಡ್ಡ ಮೊತ್ತಕ್ಕಿಂತ ಅದರ ಫಲ ಹೆಚ್ಚು.

ನಾಳೆ ಅಂಗಡಿಯ ಲೆಕ್ಕ ಬರೆಯುವವರು, ಯಂತ್ರ ನಡೆಸುವವರು, ಗಿರಾಕಿಗಳಾಗಿ ಬರುವವರು ಇಂದು ಇದೇ ಶಾಲೆಗಳ ಬೆಂಚಿನಲ್ಲಿದ್ದಾರೆ. ತಿಜೋರಿ ದೂರದಲ್ಲಿದ್ದರೂ ಶಾಲೆ ಊರಿನದೇ. ಮುಂದಿನ ಬಾರಿ ರಶೀದಿ ಪುಸ್ತಕ ಅಂಗಡಿಗೆ ಬಂದಾಗ 'ಎಷ್ಟು ಕೊಡಬೇಕು?' ಎನ್ನುವ ಮೊದಲು 'ಈ ವರ್ಷ ಮಕ್ಕಳೆಷ್ಟು, ಶಿಕ್ಷಕರೆಷ್ಟು?' ಎಂದು ಕೇಳುವ ವರ್ತಕರು ಶಾಲೆಗೆ ಹಣಕ್ಕಿಂತ ದೊಡ್ಡ ಉಪಕಾರವನ್ನು ಮಾಡಿದಂತಾಗುತ್ತದೆ.