ಹೃದಯದ ವಾಲ್ವ್ ಬದಲಿಸಿದ ಮೇಲೆ ಕೊಟ್ಟಿಗೆ ಕೆಲಸ ಯಾವಾಗ?



ಬೆಂಗಳೂರಿನ ಜಯದೇವದಂಥ ಆಸ್ಪತ್ರೆಯಲ್ಲಿ ಹೃದಯದ ವಾಲ್ವ್ ಬದಲಿಸಿಕೊಂಡು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಹಳ್ಳಿಗಳಿಗೆ ಮರಳುವ ಹಿರಿಯರಿಂದ ಎರಡು ತಪ್ಪು ಆಗುವುದುಂಟು. ಕೆಲವರು ವಾರದೊಳಗೆ ಕೊಟ್ಟಿಗೆಗೆ ಇಳಿಯುತ್ತಾರೆ. ಕೆಲವರು ತಿಂಗಳಾದರೂ ಮಂಚ ಬಿಡುವುದಿಲ್ಲ. ಕೊಟ್ಟಿಗೆ ಕೆಲಸ ತಡವಾದರೆ ಚಿಂತೆಯಿಲ್ಲ, ನಡಿಗೆ ತಡವಾಗಬಾರದು.

ಭಾರ ಎತ್ತಬೇಡಿ: ಎದೆ ತೆರೆದು ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ಎದೆಮೂಳೆಯನ್ನು ಸೀಳಿ, ತಂತಿಯಿಂದ ಬಿಗಿದಿರುತ್ತಾರೆ. ಅದು ಗಟ್ಟಿಯಾಗಿ ಕೂಡಲು ಸುಮಾರು 3 ತಿಂಗಳು ಬೇಕು. ಅಲ್ಲಿಯವರೆಗೆ 5 ಕಿಲೋ ದಾಟಿದ ಭಾರ ಬೇಡ. 5 ಲೀಟರ್ ಹಾಲು ತುಂಬಿದ ಕ್ಯಾನ್ ಅದಕ್ಕಿಂತ ಭಾರ. ಮೇವಿನ ಹೊರೆ, ನೀರಿನ ಕೊಡ, ಜಗ್ಗುವ ಕರುವಿನ ಹಗ್ಗ ಬೇರೆಯವರ ಕೈಯಲ್ಲಿರಲಿ. ಹಾಲು ಕರೆಯುವುದೂ ವೈದ್ಯರು ಒಪ್ಪಿದ ಮೇಲೆಯೇ.

ದಿನವೂ ನಡೆಯಿರಿ: ವೈದ್ಯರು ಬೇಡವೆನ್ನದಿದ್ದರೆ, ಮನೆಗೆ ಬಂದ ಮೊದಲ ವಾರವೇ ಸಮತಟ್ಟು ದಾರಿಯಲ್ಲಿ 5ರಿಂದ 10 ನಿಮಿಷ, ದಿನಕ್ಕೆರಡು ಬಾರಿ ನಡೆಯಿರಿ. ವಾರವಾರ ಸ್ವಲ್ಪ ಹೆಚ್ಚಿಸುತ್ತಾ 30 ನಿಮಿಷಕ್ಕೆ ತನ್ನಿ. ಬೆಳಿಗ್ಗೆ ಡೈರಿಗೆ ಹೋಗುವಾಗ ಕ್ಯಾನ್ ಮಗ ಹಿಡಿಯಲಿ, ನೀವು ಜೊತೆಗೆ ನಡೆಯಿರಿ. ನಡೆಯುತ್ತಾ ಮಾತಾಡಲು ಆಗುವಷ್ಟೇ ವೇಗವಿರಲಿ. ಎದೆನೋವು, ಏದುಸಿರು, ತಲೆಸುತ್ತು ಬಂದರೆ ಕೂಡಲೇ ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಕಾಲು ಊದಿದರೂ ತಿಳಿಸಿ.

ಮಾತ್ರೆ ಬಿಡಬೇಡಿ: 1920ರ ದಶಕದಲ್ಲಿ ಅಮೆರಿಕ, ಕೆನಡಾದಲ್ಲಿ ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಮೇವು ತಿಂದ ದನಗಳು ರಕ್ತ ಹೆಪ್ಪುಗಟ್ಟದೆ ಸತ್ತವು. 1933ರಲ್ಲಿ ವಿಸ್ಕಾನ್ಸಿನ್‌ನ ರೈತನೊಬ್ಬ ಅಂಥ ರಕ್ತವನ್ನು ಹಾಲಿನ ಕ್ಯಾನಿನಲ್ಲೇ ವಿಶ್ವವಿದ್ಯಾಲಯಕ್ಕೆ ಒಯ್ದ. ಆ ಸಂಶೋಧನೆಯಿಂದ ಬಂದ ಔಷಧವೇ ವಾರ್ಫರಿನ್. ಯಾಂತ್ರಿಕ ವಾಲ್ವ್ ಹಾಕಿಸಿಕೊಂಡವರಿಗೆ ಇಂಥ ಮಾತ್ರೆ ಜೀವನಪೂರ್ತಿ ಬೇಕು. ಪ್ರಮಾಣ ಹೆಚ್ಚಿದರೆ ರಕ್ತಸ್ರಾವ, ಕಡಿಮೆಯಾದರೆ ವಾಲ್ವ್‌ನಲ್ಲಿ ಹೆಪ್ಪು. ಅದನ್ನು ಅಳೆಯುವುದೇ ಐಎನ್‌ಆರ್ ರಕ್ತಪರೀಕ್ಷೆ. ಸೊಪ್ಪು ಬಿಡಬೇಕಿಲ್ಲ; ವಾರವಾರ ಒಂದೇ ಅಳತೆಯಲ್ಲಿ ತಿನ್ನಿ. ವೈದ್ಯರನ್ನು ಕೇಳದೆ ನೋವಿನ ಮಾತ್ರೆ, ನಾಟಿ ಔಷಧ ಬೇಡ. ಹಸು ಒದ್ದು ತಲೆಗೆ ಪೆಟ್ಟಾದರೆ, ರಕ್ತ ಕಾಣದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಿ.

ಸೋಂಕು ತಡೆಯಿರಿ: ಹೊಸ ವಾಲ್ವ್‌ಗೆ ಸೋಂಕು ತಗುಲಿದರೆ ಜೀವಕ್ಕೇ ಅಪಾಯ. ಜ್ವರವನ್ನು ಕಡೆಗಣಿಸಬೇಡಿ. ಹಲ್ಲು ಕೀಳಿಸುವ ಮುನ್ನ ವಾಲ್ವ್ ವಿಷಯ ಹೇಳಿ. ಹಸಿ ಹಾಲು ಕುಡಿಯಬೇಡಿ. ಕಂದು ಹಾಕಿದ ಹಸುವಿನ ಸತ್ತೆ ಮುಟ್ಟಬೇಡಿ. ಅದರಿಂದ ಬರುವ ಬ್ರುಸೆಲ್ಲಾ ರೋಗಾಣು ವಾಲ್ವ್‌ನಲ್ಲೂ ನೆಲೆಸಬಲ್ಲದು.

ಹಸುವಿನ ಲಸಿಕೆಯ ದಿನ ಮರೆಯದ ನಾವು, ಮನೆಯ ಹಿರಿಯರ ರಕ್ತಪರೀಕ್ಷೆಯ ದಿನವನ್ನೂ ಮರೆಯದಿರೋಣ.