ಗರ್ಭಾದಿಯಲ್ಲಿ ಚಾಲಕ ಪ್ರೋಟೀನುಗಳ ವ್ಯಾಪಾರ

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಸೀಮೆಯ ರೈತರು ಹಸುವಿಗೆ ಹೋರಿ ಕೊಡಿಸಿಯೋ ಕೃತಕ ಗರ್ಭಧಾರಣೆ ಮಾಡಿಸಿಯೋ ಮೂರು ವಾರ ಕಾಯುವರು. ಅದು ಮರಳಿ ಬೆದೆಗೆ ಬಂದರೆ “ಗಬ್ಬ ನಿಲ್ಲಲಿಲ್ಲ” ಎಂದು ದೋಷವನ್ನು ಹಸುವಿನ ಮೇಲೆಯೇ ಹೊರಿಸುವುದುಂಟು. ಪುರುಷಾಂಶವು ಬೀಜ, ಸ್ತ್ರೀಯು ಕ್ಷೇತ್ರ ಎಂಬ ದೃಷ್ಟಾಂತವಾದರೋ ನಮ್ಮ ಶಾಸ್ತ್ರಗಳಲ್ಲಿ ಸುಪ್ರಸಿದ್ಧವಾದುದು. ಗರ್ಭದ ಮೊದಲನೆಯ ದಿನ ನಡೆಯುವುದು ಈ ದೃಷ್ಟಾಂತಕ್ಕೆ ಎಷ್ಟರಮಟ್ಟಿಗೆ ಒಪ್ಪುವುದೆಂದು ವಿಚಾರಿಸೋಣ.

ರೇತಾಣುವು ಗೋವಿನ ಅಂಡವನ್ನು ಹೊಕ್ಕ ಮೇಲೆ ತಂದೆಯ ಕೋಶಕೇಂದ್ರವೂ ತಾಯಿಯ ಕೋಶಕೇಂದ್ರವೂ ಪರಸ್ಪರ ದೂರದಲ್ಲಿರುವುವು. ಅವು ತಾವಾಗಿ ಕೂಡಲಾರವು. ರೇತಾಣು ತಂದ ಸೆಂಟ್ರಿಯೋಲ್ ಎಂಬ ಕಣದ ಸುತ್ತಲೂ ಸೂಕ್ಷ್ಮನಾಳಿಕೆಗಳು ಚಕ್ರದ ಅರಗಳಂತೆ ಹರಡುವುವು. ಇವೇ ದಾರಿಗಳು. ಈ ದಾರಿಗಳ ಮೇಲೆ ಹೊರೆಯನ್ನು ಸಾಗಿಸುವ ಅಣುಗಳಿಗೆ ಚಾಲಕ ಪ್ರೋಟೀನುಗಳೆಂದು ಹೆಸರು. ಅವುಗಳಲ್ಲಿ ಡೈನೀನಿಗೆ ಗಿಬನ್ಸ್ ಮತ್ತು ರೋ ಎಂಬ ವಿದ್ವಾಂಸರು ೧೯೬೫ರಲ್ಲಿ ಆ ಹೆಸರನ್ನಿತ್ತರು. ಕೈನೆಸಿನ್ ೧೯೮೫ರಲ್ಲಿ ತಿಳಿದುಬಂದಿತು. ಕೈನೆಸಿನ್ ಬಹುಮಟ್ಟಿಗೆ ಕೇಂದ್ರದಿಂದ ಹೊರಕ್ಕೂ, ಡೈನೀನ್ ಕೇಂದ್ರದತ್ತ ಒಳಕ್ಕೂ ನಡೆಯುವುವು. ಎ.ಟಿ.ಪಿ. ಎಂಬ ದ್ರವ್ಯವೇ ಇವುಗಳ ಶಕ್ತಿಗೆ ಮೂಲ. ಕೈನೆಸಿನ್ನಿನ ಹೆಜ್ಜೆಯ ಅಳತೆ ೮ ನ್ಯಾನೋಮೀಟರು. ಎಂದರೆ ಒಂದು ಮಿಲಿಮೀಟರಿಗೆ ೧,೨೫,೦೦೦ ಹೆಜ್ಜೆಗಳು.

ತಾಯಿಯ ಕೋಶಕೇಂದ್ರದ ಹೊದಿಕೆಯನ್ನು ಹಿಡಿದ ಡೈನೀನುಗಳು ಅದನ್ನು ನಾಳಿಕೆಗಳ ಗುಂಟ ಎಳೆದು ತಂದೆಯ ಕೋಶಕೇಂದ್ರದ ಬಳಿ ಸೇರಿಸುವುವು. ಇಷ್ಟಕ್ಕೇ ಕಾರ್ಯವು ಮುಗಿಯದು. ಜರ್ಮನಿಯ ಗಾಟಿಂಗನ್ನಿನಲ್ಲಿ ಮೆಲಿನಾ ಷೂ ಅವರ ತಂಡವು ಗೋವಿನ ಭ್ರೂಣಗಳನ್ನು ಪರೀಕ್ಷಿಸಿ ೨೦೨೧ರಲ್ಲಿ ಪ್ರಕಟಿಸಿದಂತೆ, ಎರಡು ಕೇಂದ್ರಗಳೊಳಗಿನ ವರ್ಣತಂತುಗಳು ಅವೆರಡೂ ಎದುರುಬದುರಾಗಿರುವ ಮಗ್ಗುಲಿಗೆ ಬಂದು ಗುಂಪಾಗಬೇಕು. ಇದಕ್ಕೂ ಡೈನೀನೇ ಬೇಕು. ಗುಂಪು ಸರಿಯಾಗಿ ಸೇರದಿದ್ದರೆ ಮೊದಲನೆಯ ವಿಭಜನೆಯಲ್ಲಿಯೇ ವರ್ಣತಂತುಗಳು ತಪ್ಪಾಗಿ ಹಂಚಿಹೋಗುವ ಸಂಭವ ಹೆಚ್ಚು. ಅಂತಹ ಭ್ರೂಣಗಳು ಅನೇಕವೇಳೆ ಬೆಳೆಯದೆ ನಿಂತುಹೋಗುವುವು.

ಇದರಿಂದ ಎರಡು ವಿಷಯಗಳು ಸಿದ್ಧಿಸುವುವು. ಮೊದಲನೆಯದು: ದಾರಿಯು ಹೊರಡುವ ನೆಲೆಯನ್ನು ತಂದೆಯು ಕೊಟ್ಟರೂ, ದಾರಿಯ ಸಾಮಗ್ರಿಯೂ ಅದರಲ್ಲಿ ನಡೆಯುವ ಚಾಲಕರೂ ತಾಯಿಯ ಅಂಡದಲ್ಲಿ ಮೊದಲೇ ಕೂಡಿಟ್ಟಿರುವುವು. ಆದುದರಿಂದ ಕ್ಷೇತ್ರವು ಸುಮ್ಮನೆ ಬಿದ್ದಿರುವ ನೆಲವಲ್ಲ. ಅದೇ ಎದ್ದು ಬಂದು ಬೀಜವನ್ನು ಕೂಡುವುದು. ಎರಡನೆಯದು: ಗಬ್ಬ ನಿಲ್ಲದಿರಲು ಮೇವು, ರೋಗ, ಕಾಲತಪ್ಪುವಿಕೆ ಮೊದಲಾದ ಕಾರಣಗಳೂ ಉಂಟು, ಆದರೆ ಎಲ್ಲವೂ ಸರಿಯಿದ್ದಾಗಲೂ ಈ ಸೂಕ್ಷ್ಮಕಾರ್ಯದಲ್ಲಿ ತಪ್ಪು ಒದಗಬಹುದು. ಒಂದು ಸಲ ಗಬ್ಬ ನಿಲ್ಲದ ಮಾತ್ರಕ್ಕೆ ಹಸುವನ್ನು ಗೊಡ್ಡೆಂದು ಸಂತೆಗೆ ಹೊಡೆಯುವುದು ನ್ಯಾಯವೂ ಅಲ್ಲ, ಲಾಭವೂ ಅಲ್ಲ.